ಹೊಲದ ಬದುವಿನ ಮರಗಳನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸುವುದು: ಯಾವ ಚಿತ್ರ, ಯಾವ ತಿಂಗಳು?

ಹೊಂಗೆನೆರಳು

ಶಿರಾ ತಾಲ್ಲೂಕಿನ ಮಳೆಯಾಶ್ರಿತ ಹೊಲಗಳಲ್ಲಿರುವ ಮರಗಳ ನಕ್ಷೆ ಆಗಬೇಕು. ಕಾಡು ಬೇಡ, ತೋಟ ಬೇಡ. ಬದುವಿನ ಹೊಂಗೆ, ಬೇವು, ಹೊಲದ ನಡುವಿನ ಹುಣಸೆ, ಜಾಲಿ, ಇಷ್ಟೇ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಭೂಹೊದಿಕೆ ನಕ್ಷೆ ವರ್ಲ್ಡ್‌ಕವರ್ 2021 (ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚೌಕ, 10 ಮೀಟರ್) ತೆಗೆದು ನೋಡಿದರೆ ಅಡಿಕೆ, ತೆಂಗಿನ ತೋಟವೆಲ್ಲ ‘ಮರ’ ಎಂದು ಬಂದಿದೆ, ಹೊಲದ ಒಂಟಿ ಮರಗಳು ಬಹುತೇಕ ಕೃಷಿಭೂಮಿಯಲ್ಲಿ ಮುಳುಗಿವೆ. ಡಿಸೆಂಬರ್ ತಿಂಗಳ ಸೆಂಟಿನೆಲ್-2 (ಯುರೋಪಿನ ಉಪಗ್ರಹ) ಚಿತ್ರದಲ್ಲಿ ಎನ್‌ಡಿವಿಐ (ಕೆಂಪು ಮತ್ತು ಸಮೀಪ ಅತಿಗೆಂಪು ಬೆಳಕಿನಿಂದ ಲೆಕ್ಕ ಹಾಕುವ ಹಸಿರಿನ ಸೂಚ್ಯಂಕ) 0.4ಕ್ಕಿಂತ ಹೆಚ್ಚಿರುವುದೆಲ್ಲ ಮರ ಅಂತ ಹಿಡಿದರೆ ಹೊಲದ ತುಂಬ ಸಾಲು ಸಾಲು ‘ಮರ’. ಗೂಗಲ್ ಅರ್ತ್‌ನಲ್ಲಿ ಅದೇ ಜಾಗ ನೋಡಿದರೆ ಒಂದು ಮರವೂ ಇಲ್ಲ. ಎಲ್ಲಿ ತಪ್ಪುತ್ತಿದೆ?

ಬಯಲುಸೀಮೆ

ಆ ಸಾಲು ಮರದ್ದಲ್ಲ, ಅಕ್ಕಡಿ ಸಾಲು. ರಾಗಿ, ಕಡಲೆಕಾಯಿ ಕಿತ್ತ ಮೇಲೂ ತೊಗರಿ, ಅವರೆ ಡಿಸೆಂಬರ್ ಕೊನೆವರೆಗೆ, ಕೆಲವು ಕಡೆ ಜನವರಿವರೆಗೆ ಹಸಿರಾಗಿರುತ್ತವೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ತೊಗರಿ ಸಾಲಿಗೂ ಹೊಂಗೆ ಸಾಲಿಗೂ 10 ಮೀಟರಿನಲ್ಲಿ ವ್ಯತ್ಯಾಸವೇ ಇಲ್ಲ. ಡಿಸೆಂಬರ್ ಚಿತ್ರ ಬಿಡಿ.

ಇನ್ನೊಂದು, ಮೊದಲು ಪ್ರಶ್ನೆಯನ್ನೇ ಎರಡು ಮಾಡಿಕೊಳ್ಳಿ. ‘ಎಷ್ಟು ಮರ’ ಅನ್ನುವುದು ಒಂದು, ‘ಎಷ್ಟು ನೆಲ ಮರದ ಕೆಳಗಿದೆ’ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಸೆಂಟಿನೆಲ್ ಸಾಕು. ಮೊದಲನೆಯದಕ್ಕೆ ಅದು ಆಗುವುದಿಲ್ಲ, ಯಾವ ಅಲ್ಗಾರಿದಂ ಹಾಕಿದರೂ ಆಗುವುದಿಲ್ಲ.

ತಕ್ಕಡಿ

ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಲೆಕ್ಕ ಹಾಕೋಣ. ನಡುವಯಸ್ಸಿನ ಹೊಂಗೆಯ ನೆತ್ತಿ (ರೆಂಬೆ-ಎಲೆಗಳ ಹರವು) 8 ಮೀಟರ್ ಅಗಲ ಇದೆ ಅಂತಿಟ್ಟುಕೊಳ್ಳಿ. ನೆತ್ತಿಯ ವಿಸ್ತೀರ್ಣ ಸುಮಾರು 50 ಚದರ ಮೀಟರ್. ಸೆಂಟಿನೆಲ್-2ರ ಒಂದು ಪಿಕ್ಸೆಲ್ 100 ಚದರ ಮೀಟರ್. ಮರ ಅದೃಷ್ಟಕ್ಕೆ ಪಿಕ್ಸೆಲ್ಲಿನ ನಟ್ಟನಡುವೆ ಕೂತರೆ ಅರ್ಧ ತುಂಬುತ್ತದೆ. ನಾಲ್ಕು ಪಿಕ್ಸೆಲ್ ಕೂಡುವ ಮೂಲೆಯಲ್ಲಿ ಕೂತರೆ ಒಂದೊಂದರಲ್ಲೂ ಎಂಟನೇ ಒಂದು ಪಾಲು.

ಕೆಂಪು ಮಣ್ಣಿಗೆ ಕೆಂಪು ಬ್ಯಾಂಡಿನ (ಬೆಳಕಿನ ಪಟ್ಟಿಯ) ಪ್ರತಿಫಲನ 0.20, ಸಮೀಪ ಅತಿಗೆಂಪಿನದು 0.28 ಎಂದು ಹಿಡಿಯಿರಿ. ಎಲೆ ತುಂಬಿದ ಮರಕ್ಕೆ 0.04 ಮತ್ತು 0.32. ಬರಿ ಮಣ್ಣಿನ ಎನ್‌ಡಿವಿಐ 0.17, ಬರಿ ಮರದ್ದು 0.78. ಪಿಕ್ಸೆಲ್ ಅರ್ಧ ತುಂಬಿದರೆ 0.43. ಎಂಟನೇ ಒಂದು ಪಾಲಾದರೆ 0.23. ಅಂದರೆ ಅದೇ ಮರ, ಅದೇ ದಿನ, ಅದೇ ಮಣ್ಣು. ಪಿಕ್ಸೆಲ್ ಗೆರೆ ಎಲ್ಲಿ ಬಿತ್ತು ಅನ್ನುವುದರ ಮೇಲೆ ನಿಮ್ಮ 0.4ರ ಗಡಿ ಅದನ್ನು ‘ಇದೆ’ ಎನ್ನುತ್ತದೆ ಅಥವಾ ‘ಇಲ್ಲ’ ಎನ್ನುತ್ತದೆ.

ಒಂದು ಪಿಕ್ಸೆಲ್ ಪೂರ್ತಿ ಮರವೇ ಆಗಬೇಕಾದರೆ ನೆತ್ತಿ ಕನಿಷ್ಠ 14 ಮೀಟರ್ ಅಗಲ ಇರಬೇಕು, ಅದೂ ಸರಿಯಾಗಿ ನಡುವೆ ಕೂತಾಗ. ಎಲ್ಲಿ ಕೂತರೂ ಒಂದು ಪಿಕ್ಸೆಲ್ ಖಾತ್ರಿ ಬೇಕೆಂದರೆ 28 ಮೀಟರ್. ಊರ ಮುಂದಿನ ಆಲದ ಮರ ಬಿಟ್ಟರೆ ಹೊಲದಲ್ಲಿ ಅಷ್ಟು ದೊಡ್ಡದು ಯಾವುದಿದೆ?

ಎರೆಹೊಲ

ತಕ್ಕಡಿಯವರ ಲೆಕ್ಕ ಮಸಾರಿ (ಕೆಂಪು ಮಣ್ಣಿನ) ನೆಲಕ್ಕ ಸರಿ ಅದ ರೀ. ವಿಜಯಪುರ, ಬಾಗಲಕೋಟಿ ಕಡೆ ಎರೆ ಹೊಲಕ್ಕ ಇದನ್ನ ಹಂಗ ತಗೊಂಡು ಹೋದರ ಕೆಡತದ.

ಎರೆ ಮಣ್ಣು ಕಪ್ಪು. ಕೆಂಪು ಬ್ಯಾಂಡ್ 0.08, ಸಮೀಪ ಅತಿಗೆಂಪು 0.12 ಅಂತ ಹಿಡೀರಿ, ಎನ್‌ಡಿವಿಐ 0.20. ಮಸಾರಿಗೆ ಹತ್ತಿರಾನ ಅದ. ಆದರ ಅದೇ ಎಂಟನೇ ಒಂದು ಪಾಲು ಮರ ಸೇರಿಸಿದರ 0.32 ಆಗತದ, ಅರ್ಧ ಸೇರಿಸಿದರ 0.57. ಮಣ್ಣು ಕಪ್ಪಿದ್ದಷ್ಟು ಮರದ ಬೆಳಕು ಪಿಕ್ಸೆಲ್ ಒಳಗ ಜಾಸ್ತಿ ತೂಗತದ. ಒಂದೇ ಗಡಿ ಇಟ್ಟು ಎರಡೂ ನೆಲ ಅಳೆದರ ಎರೆಯೊಳಗ ಮರ ಹೆಚ್ಚು, ಮಸಾರಿಯೊಳಗ ಕಡಿಮಿ ಅಂತ ಸುಳ್ಳು ನಕ್ಷೆ ಬರತದ. ಜಿಲ್ಲಾ ಮಟ್ಟದ ಹೋಲಿಕೆ ಮಾಡೋರು ಇದನ್ನ ನೋಡಬೇಕು. ಮಳೆ ಬಿದ್ದ ಮರುದಿನದ ಚಿತ್ರಕ್ಕೂ ಇದೇ ತೊಂದರೆ, ಒದ್ದಿ ಮಣ್ಣು ಕಪ್ಪಗ ಕಾಣತದ.

ತಕ್ಕಡಿ

ಎರೆಹೊಲ ಅವರ ಮಾತು ನೂರಕ್ಕೆ ನೂರು. ಅದಕ್ಕೇ ಎನ್‌ಡಿವಿಐ ಗಡಿ ಬಿಟ್ಟು ಪಿಕ್ಸೆಲ್ ಒಡೆಯುವ ದಾರಿ ಹಿಡಿಯುವುದು ಮೇಲು. ಪ್ರತಿಫಲನ ನೇರವಾಗಿ ಬೆರೆಯುತ್ತದೆ, ಎನ್‌ಡಿವಿಐ ಬೆರೆಯುವುದಿಲ್ಲ. ಪ್ರತಿ ಪಿಕ್ಸೆಲ್ ‘ಇಷ್ಟು ಪಾಲು ಮರ, ಇಷ್ಟು ಪಾಲು ಮಣ್ಣು, ಇಷ್ಟು ಪಾಲು ಒಣ ಕೂಳೆ’ ಎಂದು ಬಿಡಿಸಿ, ಮರದ ಪಾಲನ್ನು 100ರಿಂದ ಗುಣಿಸಿದರೆ ಚದರ ಮೀಟರಿನಲ್ಲಿ ನೆತ್ತಿಯ ವಿಸ್ತೀರ್ಣ. ಒಂಟಿ ಪಿಕ್ಸೆಲ್ಲಿನ ಉತ್ತರ ನಂಬಬೇಡಿ, ಒಂದು ಹೆಕ್ಟೇರಿನ (100 ಪಿಕ್ಸೆಲ್) ಮೊತ್ತ ನಂಬಬಹುದು. ಮರ ನಾಲ್ಕು ಪಿಕ್ಸೆಲ್ಲಿಗೆ ಹಂಚಿಹೋದರೂ ಮೊತ್ತದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ.

ಹೊಂಗೆನೆರಳು

ಹಾಗಾದರೆ ತಿಂಗಳು ಯಾವುದು? ಏಪ್ರಿಲ್ ಅನ್ನೋಣ ಅಂದರೆ ಬೇಸಿಗೆ ಕಡಲೆಕಾಯಿ ಇರುತ್ತದೆ. ಫೆಬ್ರವರಿ ಅಂದರೆ ಹೊಂಗೆ, ಬೇವು ಎಲೆ ಉದುರಿಸಿರುತ್ತವೆ.

ಬಯಲುಸೀಮೆ

ಎಲ್ಲ ಕೆಲಸವನ್ನೂ ಒಂದೇ ದಿನಾಂಕ ಮಾಡುವುದಿಲ್ಲ. ಮರ ಮರಕ್ಕೂ ಲೆಕ್ಕ ಬೇರೆ. ಮಾವು, ಹಲಸು, ಸಿಲ್ವರ್ ಓಕ್, ನೀಲಗಿರಿ ವರ್ಷವಿಡೀ ಹಸಿರು. ಹುಣಸೆ ಬೇಸಿಗೆಯಲ್ಲಿ ತೆಳ್ಳಗಾಗುತ್ತದೆ, ಪೂರ್ತಿ ಬೋಳಾಗುವುದು ಕಡಿಮೆ. ಹೊಂಗೆ, ಬೇವು ಫೆಬ್ರವರಿ-ಮಾರ್ಚಿನ ಆಸುಪಾಸಿನಲ್ಲಿ ಕೆಲವು ವಾರ ಉದುರಿಸಿ ಯುಗಾದಿ ಹೊತ್ತಿಗೆ ಚಿಗುರುತ್ತವೆ. ತೇಗ, ಮುತ್ತುಗ ಬೇಸಿಗೆಯಲ್ಲಿ ಬೋಳು. ಇವು ಬೇಕಾದರೆ ಮಳೆಗಾಲದ ನಂತರದ ಚಿತ್ರವೇ ಗತಿ.

ಬೆಳೆಗೂ ಮರಕ್ಕೂ ಇರುವ ನಿಜವಾದ ವ್ಯತ್ಯಾಸ ಬಣ್ಣದ್ದಲ್ಲ, ಎಷ್ಟು ದಿನ ಹಸಿರು ಅನ್ನುವುದರದ್ದು. ಜನವರಿ 15ರಿಂದ ಏಪ್ರಿಲ್ 30ರವರೆಗೆ ಸಿಕ್ಕ ಮೋಡವಿಲ್ಲದ ಚಿತ್ರಗಳನ್ನೆಲ್ಲ ತೆಗೆದುಕೊಂಡು ಪ್ರತಿ ಪಿಕ್ಸೆಲ್ಲಿಗೆ ಮಧ್ಯಮ ಮೌಲ್ಯ, ಅಂದರೆ ಮೀಡಿಯನ್, ತೆಗೆಯಿರಿ. ಮೂರ್ನಾಲ್ಕು ವಾರ ಬೋಳಾಗಿದ್ದ ಹೊಂಗೆ ಮೀಡಿಯನ್ನಿನಲ್ಲಿ ಬದುಕಿಕೊಳ್ಳುತ್ತದೆ, ಕನಿಷ್ಠ ಮೌಲ್ಯ ತೆಗೆದರೆ ಸತ್ತುಹೋಗುತ್ತದೆ. ಬೋರ್‌ವೆಲ್ ನೀರಿನ ಬೇಸಿಗೆ ಕಡಲೆಕಾಯಿ ಮಾತ್ರ ಮೀಡಿಯನ್ನಿನಲ್ಲೂ ಉಳಿಯುತ್ತದೆ. ಅದಕ್ಕೆ ಮೂರು ವರ್ಷ ಹೀಗೆ ಮಾಡಿ, ಮೂರು ವರ್ಷದ ಮೀಡಿಯನ್‌ಗಳಲ್ಲಿ ಕಡಿಮೆಯದನ್ನು ಇಟ್ಟುಕೊಳ್ಳಿ. ಬೇಸಿಗೆ ಬೆಳೆ ಮೂರು ವರ್ಷವೂ ಅದೇ ತುಂಡು ಹೊಲದಲ್ಲಿ ಬರುವುದು ಅಪರೂಪ, ಮರ ಎಲ್ಲೂ ಹೋಗುವುದಿಲ್ಲ.

ಇದಕ್ಕೆ ಒಗ್ಗದ ಬೆಳೆ ಹಿಪ್ಪುನೇರಳೆ. ಕಟಾವಾದ ಮೇಲೆ ಒಂದೂವರೆ ಎರಡು ತಿಂಗಳಿಗೆ ಮತ್ತೆ ತುಂಬಿಕೊಳ್ಳುತ್ತದೆ, ವರ್ಷವೆಲ್ಲ ಹೀಗೇ. ಎನ್‌ಡಿವಿಐ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುವುದನ್ನು ನೋಡಿ ಗುರುತಿಸಬೇಕು, ಮೀಡಿಯನ್ ಒಂದರಿಂದ ಆಗುವುದಿಲ್ಲ.

ಎರೆಹೊಲ

ಎರೆ ನೆಲದಾಗ ಜನವರಿ ನಡೆಯಂಗಿಲ್ಲ. ಹಿಂಗಾರಿ ಜೋಳ, ಕಡಲಿ ಹೊಲದಾಗ ನಿಂತಿರತಾವ. ಮಾರ್ಚ್ ಮುಗದ ಮ್ಯಾಲಿಂದ ಮೇ ಮೊದಲ ವಾರ ತನಕ ನೋಡ್ರಿ. ಅಡ್ಡಮಳಿ ಬಿತ್ತಂದರ ಹತ್ತು ದಿನದಾಗ ಕಸ ಹಸಿರಾಗತದ, ಅಲ್ಲಿಗೆ ಆ ವರ್ಷದ ಅವಕಾಶ ಮುಗೀತು.

ಗರಿಗರಿ

ಅರ್ತ್ ಎಂಜಿನ್‌ನಲ್ಲಿ (ಉಪಗ್ರಹ ಚಿತ್ರ ಸಂಸ್ಕರಿಸುವ ಗೂಗಲ್‌ನ ಜಾಲತಾಣ) ಮಾಡುವವರಿಗೆ ಕ್ರಮ:

1. ಸಂಗ್ರಹ ಆರಿಸುವಾಗ ಸೆಂಟಿನೆಲ್-2 ನೆಲಮಟ್ಟದ ಪ್ರತಿಫಲನದ ‘ಹಾರ್ಮೊನೈಸ್ಡ್’ ಆವೃತ್ತಿಯನ್ನೇ ತೆಗೆದುಕೊಳ್ಳಿ. 2022ರ ಜನವರಿ 25ರಿಂದ ಹೊಸ ಸಂಸ್ಕರಣೆಯಲ್ಲಿ (ಬೇಸ್‌ಲೈನ್ 04.00) ಎಲ್ಲ ಅಂಕಿಗೂ 1000 ಸೇರಿಸಿ ಕೊಡುತ್ತಾರೆ. ಹಳೆಯದು ಹೊಸದು ಬೆರೆಸಿದರೆ ಏನಾಗುತ್ತದೆ ನೋಡಿ: ಮರದ ಅಂಕಿ 400 ಮತ್ತು 3200 ಇದ್ದಾಗ ಎನ್‌ಡಿವಿಐ 0.78. ಅದೇ ಮರ 1400 ಮತ್ತು 4200 ಆಗಿ ಬಂದರೆ 0.50. ‘2022ರ ನಂತರ ಮರಗಳು ಕಡಿಮೆಯಾದವು’ ಅನ್ನುವ ನಕ್ಷೆಗಳಲ್ಲಿ ಮೊದಲು ಇದನ್ನು ಪರೀಕ್ಷಿಸಬೇಕು. ನೇರವಾಗಿ ಕೊಪರ್ನಿಕಸ್ (ಸೆಂಟಿನೆಲ್ ಚಿತ್ರ ಕೊಡುವ ಯುರೋಪಿನ ಕಾರ್ಯಕ್ರಮ) ತಾಣದಿಂದ ಇಳಿಸಿಕೊಂಡವರು ತಾವೇ 1000 ಕಳೆಯಬೇಕು.

2. ಮೋಡ ತೆಗೆಯಲು ಕ್ಲೌಡ್ ಸ್ಕೋರ್ ಪ್ಲಸ್ ಸಾಕು. ಬೇಸಿಗೆಯಲ್ಲಿ ಇಲ್ಲಿ ಮೋಡಕ್ಕಿಂತ ಜನವರಿಯ ಬೆಳಗಿನ ಮಂಜೇ ಕಾಟ.

3. ಬ್ಯಾಂಡ್ ಬಿ2, ಬಿ3, ಬಿ4, ಬಿ8 (ನೀಲಿ, ಹಸಿರು, ಕೆಂಪು, ಸಮೀಪ ಅತಿಗೆಂಪು) ಮಾತ್ರ 10 ಮೀಟರಿನವು. ಬಿ11 (ಕಿರುತರಂಗ ಅತಿಗೆಂಪು) 20 ಮೀಟರಿನದಾದರೂ ಸೇರಿಸಿಕೊಳ್ಳಿ. ಒಣ ಕೂಳೆಯನ್ನೂ ಮಣ್ಣನ್ನೂ ಬೇರೆ ಮಾಡುವುದು ಅದೇ.

4. ಪಿಕ್ಸೆಲ್ ಒಡೆಯುವ ಅನ್‌ಮಿಕ್ಸ್ ಆಜ್ಞೆಗೆ ಶುದ್ಧ ಮಾದರಿಗಳು ಬೇಕು: ದಟ್ಟ ಮಾವಿನ ತೋಪಿನ ನಡುವಿನ ಪಿಕ್ಸೆಲ್, ಉತ್ತು ಬಿಟ್ಟ ಕೆಂಪು ಹೊಲ, ಕೂಳೆ ನಿಂತ ಹೊಲ. ಒಂದೊಂದಕ್ಕೆ 15–20 ಪಿಕ್ಸೆಲ್ ಸರಾಸರಿ. ಪಾಲುಗಳ ಮೊತ್ತ 1 ಆಗಬೇಕು, ಯಾವುದೂ ಸೊನ್ನೆಗಿಂತ ಕೆಳಗಿಳಿಯಬಾರದು ಅನ್ನುವ ಎರಡೂ ನಿರ್ಬಂಧ ಹಾಕಿ. ಮೂರಕ್ಕಿಂತ ಹೆಚ್ಚು ಮಾದರಿ ತುರುಕಿದರೆ ಉತ್ತರ ಅಲುಗಾಡುತ್ತದೆ.

5. ರಫ್ತು ಮಾಡುವಾಗ ಇಪಿಎಸ್‌ಜಿ 32643 (ಮೀಟರ್ ಲೆಕ್ಕದ ಯುಟಿಎಂ ನಿರ್ದೇಶಾಂಕ ವ್ಯವಸ್ಥೆಯ ಸಂಕೇತ), 10 ಮೀಟರ್ ಎಂದು ಬರೆದೇ ಕೊಡಿ. ಬಿಟ್ಟರೆ ಡಿಗ್ರಿ ಲೆಕ್ಕದಲ್ಲಿ ಬಂದು ಪಿಕ್ಸೆಲ್ ವಿಸ್ತೀರ್ಣ ಕೆಡುತ್ತದೆ. ಶಿರಾ 78 ಡಿಗ್ರಿ ರೇಖಾಂಶದ ಪಶ್ಚಿಮಕ್ಕಿದೆ, ಆದ್ದರಿಂದ 43ನೇ ವಲಯ. ಕೋಲಾರ, ಮುಳಬಾಗಿಲು ಕಡೆಯವರು 32644 ಹಾಕಬೇಕು.

ಹೊಂಗೆನೆರಳು

ಮೂರು ವರ್ಷದ ಮೀಡಿಯನ್ ಮಾಡಿ ಪಾಲು ತೆಗೆದದ್ದಾಯಿತು. ಅಕ್ಕಡಿ ಸಾಲು ಮಾಯ. ಈಗ ಉಳಿದ ತಪ್ಪು ಮೂರು: ಕೆರೆ ಅಂಗಳದ ಬಳ್ಳಾರಿ ಜಾಲಿ ಎಲ್ಲ ಬಂದಿದೆ, ಹಳ್ಳದ ಎರಡೂ ದಂಡೆ ಬಂದಿದೆ, ತೋಟಗಳು ಹಾಗೇ ಇವೆ.

ಬಯಲುಸೀಮೆ

ಅವು ತಪ್ಪಲ್ಲ, ಮರವೇ. ಹೊಲದ ಮರ ಅಲ್ಲ ಅಷ್ಟೆ. ಇದನ್ನು ವರ್ಣಪಟಲದಿಂದ ಬಿಡಿಸಲು ಹೊರಡಬೇಡಿ, ಎಲ್ಲೆ ಹಾಕಿ ಬಿಡಿಸಿ. ಕೆರೆ ಅಂಗಳಕ್ಕೆ ಮಳೆಗಾಲದ ನೀರು ನಿಂತ ಗುರುತು ತೆಗೆದುಕೊಂಡು 30 ಮೀಟರ್ ಅಂಚು ಸೇರಿಸಿ ಕತ್ತರಿಸಿ. ಹಳ್ಳಕ್ಕೂ ಹಾಗೇ. ತೋಟಕ್ಕೆ ಅರ್ಧ ಎಕರೆಗಿಂತ (ಸುಮಾರು 2,000 ಚದರ ಮೀಟರ್, 20 ಪಿಕ್ಸೆಲ್) ದೊಡ್ಡದಾಗಿ ಒಟ್ಟೊಟ್ಟಿಗೆ ಹಸಿರಾದದ್ದೆಲ್ಲ ‘ತೋಪು’ ಎಂದು ಬೇರೆ ಪದರಕ್ಕೆ ಹಾಕಿ. ಎಸೆಯಬೇಡಿ, ಬೇರೆ ಇಡಿ. ಹೊಲದ ಮರ ಕಡಿಮೆಯಾಗಿ ತೋಟ ಹೆಚ್ಚಾಯಿತೇ ಅನ್ನುವ ಪ್ರಶ್ನೆ ನಾಳೆ ಬಂದೇ ಬರುತ್ತದೆ.

ತೆಂಗಿನಗರಿ

ತೋಟದ ಬಗ್ಗೆ ಒಂದು ಎಚ್ಚರಿಕೆ. ಅಡಿಕೆ ಹಾಕುವುದು ಸಾಮಾನ್ಯವಾಗಿ 9 ಅಡಿ ಅಂತರ, ಅಂದರೆ 2.7 ಮೀಟರ್. ಗರಿಗಳು ಒಂದಕ್ಕೊಂದು ಹೆಣೆದುಕೊಂಡು 10 ಮೀಟರಿನಲ್ಲಿ ಒಂದೇ ಹಸಿರು ಹಾಸು. ತೆಂಗು 25–30 ಅಡಿ ಅಂತರ. ನಡುವೆ ಮಣ್ಣು ಕಾಣುತ್ತದೆ, ಹಾಗಾಗಿ ಪಾಲು ಕಡಿಮೆ ಬರುತ್ತದೆ, ಹೊಲದ ಮರಗಳ ಜತೆ ಬೆರೆತುಹೋಗುತ್ತದೆ. ಅರ್ಧ ಮೀಟರ್ ಚಿತ್ರದಲ್ಲಿ ತೆಂಗಿನ ನೆತ್ತಿ ನಕ್ಷತ್ರದ ಹಾಗೆ ಗರಿ ಬಿಚ್ಚಿಕೊಂಡು ಕಾಣುತ್ತದೆ, ಯಾರೂ ತಪ್ಪುವುದಿಲ್ಲ. ಸೆಂಟಿನೆಲ್‌ನಲ್ಲಿ ಆ ಸುಳಿವು ಇಲ್ಲ. ಬದುವಿನ ಮೇಲೆ ಒಂದೇ ಸಾಲು ತೆಂಗು ಇದ್ದರೆ ಅದನ್ನು ತೋಟ ಎನ್ನುತ್ತೀರೋ ಹೊಲದ ಮರ ಎನ್ನುತ್ತೀರೋ, ಮೊದಲೇ ಬರೆದಿಟ್ಟುಕೊಳ್ಳಿ. ನಡುವೆ ನಿರ್ಧಾರ ಬದಲಿಸಿದರೆ ಎರಡು ಹೋಬಳಿಯ ಅಂಕಿ ಹೋಲಿಸಲು ಬರುವುದಿಲ್ಲ.

ಹೊಂಗೆನೆರಳು

ಪಾಲಿನ ನಕ್ಷೆ ಒಂದು ಹದಕ್ಕೆ ಬಂತು. ಆದರೆ ಎಣಿಕೆಯೂ ಬೇಕು. ಪೂರ್ತಿ ತಾಲ್ಲೂಕಿಗೆ ಅರ್ಧ ಮೀಟರ್ ಚಿತ್ರ ಕೊಳ್ಳುವ ದುಡ್ಡಿಲ್ಲ.

ಗರಿಗರಿ

ಪೂರ್ತಿ ತಾಲ್ಲೂಕಿಗೆ ಯಾಕೆ? ಸುಮಾರು ಒಂದೂವರೆ ಸಾವಿರ ಚದರ ಕಿಲೋಮೀಟರಿನಲ್ಲಿ ಒಂದು ಕಿಲೋಮೀಟರ್ ಚೌಕಗಳನ್ನು ಹಾಕಿ, ಸೆಂಟಿನೆಲ್ ಪಾಲಿನ ಪ್ರಕಾರ ‘ವಿರಳ, ಮಧ್ಯಮ, ಹೆಚ್ಚು’ ಎಂದು ಮೂರು ಗುಂಪು ಮಾಡಿ, ಪ್ರತಿ ಗುಂಪಿನಿಂದ 20 ಚೌಕ ಚೀಟಿ ಎತ್ತಿ. ಒಟ್ಟು 60. ಅವುಗಳಲ್ಲಿ ಮಾತ್ರ ಕಣ್ಣಿನಿಂದ ಎಣಿಸಿ. ಗುಂಪಿನ ವಿಸ್ತೀರ್ಣಕ್ಕೆ ತಕ್ಕ ತೂಕ ಕೊಟ್ಟು ತಾಲ್ಲೂಕಿನ ಅಂದಾಜು, ಜತೆಗೆ ದೋಷದ ಅಂತರವೂ ಸಿಗುತ್ತದೆ. ಎಲ್ಲ ಮರಕ್ಕೂ ಚುಕ್ಕೆ ಇಟ್ಟ ನಕ್ಷೆ ನೋಡಲು ಚೆಂದ, ಆದರೆ ಅದರ ದೋಷ ಎಷ್ಟೆಂದು ಹೇಳದಿದ್ದರೆ ಈ 60 ಚೌಕದ ಲೆಕ್ಕವೇ ಹೆಚ್ಚು ಬಾಳುತ್ತದೆ.

ನಡುವಿನ ದಾರಿಗೆ ಭಾರತದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-4 ಕ್ಯಾಮೆರಾ ಇದೆ. 5.8 ಮೀಟರ್, ಎನ್‌ಆರ್‌ಎಸ್‌ಸಿಯ (ರಾಷ್ಟ್ರೀಯ ದೂರಸಂವೇದಿ ಕೇಂದ್ರ) ಭೂನಿಧಿ ತಾಣದಲ್ಲಿ ಖಾತೆ ತೆರೆದು ಇಳಿಸಿಕೊಳ್ಳಬಹುದು. ಹಸಿರು, ಕೆಂಪು, ಸಮೀಪ ಅತಿಗೆಂಪು ಮೂರೇ ಬ್ಯಾಂಡ್. ಒಂದು ಪಿಕ್ಸೆಲ್ ಸುಮಾರು 34 ಚದರ ಮೀಟರ್. ನಿಮ್ಮ 8 ಮೀಟರ್ ಹೊಂಗೆ ಒಂದೂವರೆ ಪಿಕ್ಸೆಲ್, 12 ಮೀಟರ್ ನೆತ್ತಿಯ ಹಳೆ ಹುಣಸೆ ಮೂರಕ್ಕಿಂತ ಸ್ವಲ್ಪ ಹೆಚ್ಚು. ದೊಡ್ಡ ಮರ ಇದೆಯೋ ಇಲ್ಲವೋ ಅನ್ನುವುದಕ್ಕೆ ಪರವಾಗಿಲ್ಲ. ಸೆಂಟಿನೆಲ್ ಮೇಲೆ ಇಟ್ಟು ನೋಡಿ, ಒಂದೆರಡು ಪಿಕ್ಸೆಲ್ ಸರಿದಿದ್ದರೆ ಮೊದಲು ಹೊಂದಿಸಿ.

ತಕ್ಕಡಿ

ಕಣ್ಣಿನಿಂದ ಎಣಿಸುವವರು ಚಿತ್ರದ ದಿನಾಂಕ ನೋಡದೆ ಕೂರಬೇಡಿ. ಎಸ್ರಿ ಕಂಪನಿಯ ಉಪಗ್ರಹ ಚಿತ್ರ ಪದರ ವರ್ಲ್ಡ್ ಇಮೇಜರಿಯಲ್ಲಿ ಒತ್ತಿದರೆ ತೆಗೆದ ದಿನ ಬರುತ್ತದೆ, ಅದರ ವೇಬ್ಯಾಕ್‌ನಲ್ಲಿ 2014ರಿಂದ ಈಚಿನ ಆವೃತ್ತಿಗಳಿವೆ. ಒಂದೇ ಹಳ್ಳಿಯೊಳಗೆ ಎರಡು ದಿನಾಂಕದ ತುಂಡುಗಳು ಹೊಲಿದಿರುತ್ತವೆ. ಹೊಲಿಗೆ ಗೆರೆಯ ಒಂದು ಬದಿ ಅಕ್ಟೋಬರ್, ಇನ್ನೊಂದು ಬದಿ ಮಾರ್ಚ್ ಆದರೆ ಮರಗಳ ಸಂಖ್ಯೆ ಗೆರೆ ದಾಟಿದೊಡನೆ ಬದಲಾಗುತ್ತದೆ. ಗೂಗಲ್ ಚಿತ್ರ ಕಣ್ಣಿಗೆ ನೋಡಲು ಸರಿ, ಇಳಿಸಿಕೊಂಡು ಯಂತ್ರಕಲಿಕೆಯ ಮಾದರಿಗೆ ತರಬೇತಿ ಕೊಡಲು ಅವರ ಷರತ್ತು ಒಪ್ಪುವುದಿಲ್ಲ.

ನೆರಳಿನ ವಿಷಯ. ಶಿರಾ ಅಕ್ಷಾಂಶದಲ್ಲಿ ಸ್ಥಳೀಯ ಸೂರ್ಯಕಾಲದ ಪ್ರಕಾರ ಬೆಳಗ್ಗೆ ಹತ್ತೂವರೆಗೆ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಸುಮಾರು 47 ಡಿಗ್ರಿ ಎತ್ತರ. 10 ಮೀಟರ್ ಮರದ ನೆರಳು 9 ಮೀಟರಿಗಿಂತ ತುಸು ಹೆಚ್ಚು, ವಾಯವ್ಯಕ್ಕೆ ಬೀಳುತ್ತದೆ. ಏಪ್ರಿಲ್ ಮಧ್ಯದಲ್ಲಿ ಸುಮಾರು 68 ಡಿಗ್ರಿ, ನೆರಳು 4 ಮೀಟರ್. ಒಂಟಿ ಮರ ಗುರುತಿಸಲು ಉದ್ದ ನೆರಳು ಒಳ್ಳೆಯದು, ಪೊದೆ ಯಾವುದು ಮರ ಯಾವುದು ಅನ್ನುವುದು ಕೂಡಲೇ ತಿಳಿಯುತ್ತದೆ. ಬದುವಿನ ಸಾಲಿಗೆ ಉದ್ದ ನೆರಳು ಕೆಟ್ಟದ್ದು, ಒಂದರ ನೆರಳು ಪಕ್ಕದ್ದನ್ನು ನುಂಗುತ್ತದೆ.

ಓರೆ ನೋಟವನ್ನೂ ಮರೆಯಬೇಡಿ. ಉಪಗ್ರಹ 25 ಡಿಗ್ರಿ ಓರೆಯಾಗಿ ತೆಗೆದ ಚಿತ್ರದಲ್ಲಿ 10 ಮೀಟರ್ ಮರದ ತುದಿ ಬುಡದಿಂದ 4.7 ಮೀಟರ್ ಪಕ್ಕಕ್ಕೆ ವಾಲಿರುತ್ತದೆ. ಮುಂದಿನ ವರ್ಷ ಬೇರೆ ಕಡೆಯಿಂದ ತೆಗೆದರೆ ವಾಲುವುದು ಉಲ್ಟಾ. ಎರಡು ವರ್ಷದ ಚುಕ್ಕೆಗಳನ್ನು 5 ಮೀಟರ್ ಅಂತರದಲ್ಲಿ ಜೋಡಿಸಿದರೆ ‘ಒಂದು ಮರ ಹೋಯಿತು, ಪಕ್ಕದಲ್ಲಿ ಒಂದು ಬಂತು’ ಎಂದು ಬರುತ್ತದೆ.

ಹಗೇವು

ಯಂತ್ರಕಲಿಕೆಗೆ ಇಳಿಯುವವರಿಗೆ. ಡೀಪ್‌ಫಾರೆಸ್ಟ್ ಪೈಥಾನ್ ಪ್ಯಾಕೇಜು ಮರ ಗುರುತಿಸುವ ಸಿದ್ಧ ಮಾದರಿ ಕೊಡುತ್ತದೆ ನಿಜ, ಆದರೆ ಅದು ಅಮೆರಿಕದಲ್ಲಿ ವಿಮಾನದಿಂದ ತೆಗೆದ 10 ಸೆಂಟಿಮೀಟರ್ ಚಿತ್ರಗಳ ಮೇಲೆ ಕಲಿತದ್ದು. ಡ್ರೋನ್ ಚಿತ್ರ ಇದ್ದರೆ ಆರಂಭಕ್ಕೆ ಆಗುತ್ತದೆ. ಅರ್ಧ ಮೀಟರ್ ಉಪಗ್ರಹ ಚಿತ್ರಕ್ಕೆ ಹಾಗೇ ಹಾಕಿದರೆ ಬಣವೆಯನ್ನೂ ಮರ ಎನ್ನುತ್ತದೆ.

ಅರ್ಧ ಮೀಟರಿಗೆ ಯು-ನೆಟ್ (ಪ್ರತಿ ಪಿಕ್ಸೆಲ್ ಮರವೋ ಅಲ್ಲವೋ ಎಂದು ಕಲಿಯುವ ನರಜಾಲ) ಇಂದಿಗೂ ಸಾಕು. 256 ಪಿಕ್ಸೆಲ್ ಚೌಕ, ಅಂದರೆ ನೆಲದ ಮೇಲೆ 128 ಮೀಟರ್. ಚೌಕದೊಳಗಿನ ಎಲ್ಲ ಮರವನ್ನೂ ನೆತ್ತಿಯ ಅಂಚು ಎಳೆದು ಗುರುತಿಸಬೇಕು. ಒಂದನ್ನು ಬಿಟ್ಟರೂ ಮಾದರಿಗೆ ‘ಇದು ಮರವಲ್ಲ’ ಎಂದು ಪಾಠ ಹೇಳಿದಂತೆ. ಒಂದೂ ಮರವಿಲ್ಲದ ಚೌಕಗಳೂ ಬೇಕು: ಬಣವೆ, ಕಲ್ಲುಗುಡ್ಡೆ, ಬಾವಿ, ದಾಳಿಂಬೆ ಸಾಲು, ಕತ್ತಾಳೆ ಬೇಲಿ ಇರುವಂಥವು. ಬದುವಿನ ಸಾಲಿನಲ್ಲಿ ನೆತ್ತಿಗಳು ಅಂಟಿಕೊಂಡು ಐದು ಮರ ಒಂದಾಗುವುದು ಮಾಮೂಲಿ ತೊಂದರೆ. ಎರಡು ನೆತ್ತಿಗಳ ನಡುವಿನ ಸಂದಿಗೆ ತರಬೇತಿಯಲ್ಲಿ ಹೆಚ್ಚು ತೂಕ ಕೊಟ್ಟರೆ ಬಿಡಿಸಿಕೊಳ್ಳುತ್ತವೆ. 2020ರಲ್ಲಿ ಪಶ್ಚಿಮ ಆಫ್ರಿಕಾದ ಸಹಾರ-ಸಾಹೆಲ್‌ನಲ್ಲಿ 180 ಕೋಟಿಗೂ ಹೆಚ್ಚು ಮರ ಎಣಿಸಿದ ಕೆಲಸದಲ್ಲಿ ಮಾಡಿದ್ದೂ ಇದನ್ನೇ. ಅದಕ್ಕೆ ಸುಮಾರು 90 ಸಾವಿರ ನೆತ್ತಿಗಳನ್ನು ಕೈಯಲ್ಲಿ ಎಳೆದಿದ್ದರು ಅನ್ನುವುದನ್ನು ಮಾತ್ರ ನೆನಪಿಡಿ.

ತರಬೇತಿ ಚೌಕ, ಪರೀಕ್ಷೆ ಚೌಕ ಬೇರೆ ಬೇರೆ ಹಳ್ಳಿಯವಾಗಿರಲಿ. ಅಕ್ಕಪಕ್ಕದ ಚೌಕಗಳನ್ನು ಎರಡಕ್ಕೂ ಹಂಚಿದರೆ ಅಂಕ ಚೆನ್ನಾಗಿ ಬರುತ್ತದೆ, ಹೊಸ ಹಳ್ಳಿಗೆ ಹೋದೊಡನೆ ಬಿದ್ದುಹೋಗುತ್ತದೆ. ‘ನಿಖರತೆ ಶೇ 98’ ಎಂಬ ಮಾತಿಗೂ ಮರುಳಾಗಬೇಡಿ. ಹೊಲದಲ್ಲಿ ಮರದ ಪಾಲು ಶೇ 2 ಇದ್ದರೆ, ಒಂದೂ ಮರ ತೋರಿಸದ ಖಾಲಿ ನಕ್ಷೆಯ ನಿಖರತೆಯೂ ಶೇ 98ಯೇ.

ಹೊಂಗೆನೆರಳು

ಹಾಗಾದರೆ ಏನನ್ನು ವರದಿ ಮಾಡಬೇಕು?

ಹಗೇವು

ಸಿಕ್ಕದ್ದೆಷ್ಟು, ತಪ್ಪಿದ್ದೆಷ್ಟು, ಸುಳ್ಳೆಷ್ಟು ಬೇರೆ ಬೇರೆ. ಉದಾಹರಣೆಗೆ ನೆಲದಲ್ಲಿ 200 ಮರ, ನಕ್ಷೆಯಲ್ಲಿ 170 ಎನ್ನೋಣ. ಶೇ 15 ಕಡಿಮೆ, ಪರವಾಗಿಲ್ಲ ಅನಿಸುತ್ತದೆ. ಜೋಡಿಸಿ ನೋಡಿದರೆ 170ರಲ್ಲಿ 150 ಮಾತ್ರ ನಿಜ, 20 ಸುಳ್ಳು, 50 ತಪ್ಪಿಹೋಗಿವೆ. ಇದ್ದ ಮರಗಳಲ್ಲಿ ಹಿಡಿದದ್ದು ಶೇ 75, ಹಿಡಿದದ್ದರಲ್ಲಿ ನಿಜ ಶೇ 88. ತಪ್ಪಿದ 50ರ ನೆತ್ತಿಯ ಅಗಲ ಬರೆಯಿರಿ. ಬಹುತೇಕ 4 ಮೀಟರಿಗಿಂತ ಚಿಕ್ಕವಾಗಿದ್ದರೆ ನಕ್ಷೆ ‘4 ಮೀಟರ್ ಮೇಲ್ಪಟ್ಟ ಮರಗಳದ್ದು’ ಎಂದು ಶೀರ್ಷಿಕೆಯಲ್ಲೇ ಹಾಕಿ.

ಬಯಲುಸೀಮೆ

ನೆಲಕ್ಕೆ ಹೋಗುವಾಗ: ಫೋನಿನ ಜಿಪಿಎಸ್ ಬಯಲಲ್ಲಿ 3–5 ಮೀಟರ್, ಮರದ ಕೆಳಗೆ ಇನ್ನೂ ಕೆಡುತ್ತದೆ. ಮರದ ದಕ್ಷಿಣಕ್ಕೆ ನೆತ್ತಿಯ ಹೊರಗೆ ನಿಂತು ಎರಡು ನಿಮಿಷ ಸರಾಸರಿ ತೆಗೆದು, ಬುಡದ ದೂರವನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ನೆತ್ತಿಯನ್ನು ಉತ್ತರ-ದಕ್ಷಿಣ ಒಮ್ಮೆ, ಪೂರ್ವ-ಪಶ್ಚಿಮ ಒಮ್ಮೆ. ಸುತ್ತಳತೆ 1.37 ಮೀಟರ್ ಎತ್ತರದಲ್ಲಿ. ಕ್ಯೂಫೀಲ್ಡ್ ಎಂಬ ನಕ್ಷೆ ಆ್ಯಪ್‌ನಲ್ಲಿ ಚಿತ್ರವನ್ನೇ ಫೋನಿಗೆ ಹಾಕಿಕೊಂಡು ಹೋದರೆ ಮರದ ಎದುರು ನಿಂತೇ ಚುಕ್ಕೆ ಸರಿಪಡಿಸಬಹುದು.

ರಸ್ತೆ ಪಕ್ಕದ ಮರಗಳನ್ನಷ್ಟೇ ನೋಡಿ ಬರಬೇಡಿ. ರಸ್ತೆ ಪಕ್ಕದವು ಹೊಲದ ಮರಗಳಲ್ಲ, ನೆಟ್ಟ ಸಾಲುಮರಗಳು.

ಎರೆಹೊಲ

2024ರಾಗ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರ ಅಧ್ಯಯನ ಬಂತಲ್ಲ, ಭಾರತದ ಹೊಲದೊಳಗಿನ ದೊಡ್ಡ ಮರ ಕಡಿಮಿ ಆಗ್ಯಾವ ಅಂತ. ಆ ಅಂಕಿ ನಂಬಬಹುದೇನ್ರೀ? ಸರ್ಕಾರದ ವರದಿಯೊಳಗ ಮರದ ಹೊದಿಕೆ ಹೆಚ್ಚಾಗೇದ ಅಂತ ಐತಿ.

ತಕ್ಕಡಿ

ಎರಡೂ ಬೇರೆ ಬೇರೆ ವಸ್ತು ಅಳೆಯುತ್ತವೆ. ಆ ಅಧ್ಯಯನ 2010–11ಕ್ಕೆ ರಾಪಿಡ್‌ಐ ಉಪಗ್ರಹದ 5 ಮೀಟರ್ ಚಿತ್ರ, ಮುಂದಿನ ವರ್ಷಗಳಿಗೆ ಪ್ಲಾನೆಟ್‌ಸ್ಕೋಪ್‌ನ 3 ಮೀಟರ್ ಚಿತ್ರ ಬಳಸಿತು. 2010–11ರಲ್ಲಿ ಗುರುತಿಸಿದ್ದ ದೊಡ್ಡ ಮರಗಳಲ್ಲಿ ಶೇ 11ರಷ್ಟು (2ರಷ್ಟು ಆಚೀಚೆ) 2018ರ ಹೊತ್ತಿಗೆ ಇರಲಿಲ್ಲ, 2018–2022ರಲ್ಲಿ 50 ಲಕ್ಷಕ್ಕೂ ಹೆಚ್ಚು ದೊಡ್ಡ ಮರ ಕಾಣೆಯಾದವು ಎನ್ನುತ್ತದೆ. ‘ದೊಡ್ಡ’ ಎಂದರೆ ಮೊದಲ ಅವಧಿಗೆ ನೆತ್ತಿ ಸುಮಾರು 96 ಚದರ ಮೀಟರ್, ಅಂದರೆ 11 ಮೀಟರ್ ಅಗಲ. ಎರಡನೆಯದಕ್ಕೆ 67 ಚದರ ಮೀಟರ್, 9 ಮೀಟರಿಗಿಂತ ತುಸು ಹೆಚ್ಚು. 5 ಮೀಟರ್ ಪಿಕ್ಸೆಲ್ಲಿನಲ್ಲಿ ಅದಕ್ಕಿಂತ ಚಿಕ್ಕದನ್ನು ಧೈರ್ಯವಾಗಿ ಹೇಳಲು ಬರುವುದಿಲ್ಲ.

ಭಾರತೀಯ ಅರಣ್ಯ ಸರ್ವೇಕ್ಷಣೆಯ 2023ರ ವರದಿಯ ‘ಮರದ ಹೊದಿಕೆ’ 1,12,014 ಚದರ ಕಿಲೋಮೀಟರ್, ದೇಶದ ಭೂಭಾಗದ ಶೇ 3.41. ಅರಣ್ಯದ ಎಲ್ಲೆಯ ಹೊರಗೆ, ಒಂದು ಹೆಕ್ಟೇರಿಗಿಂತ ಚಿಕ್ಕ ತುಂಡುಗಳು ಮತ್ತು ಬಿಡಿ ಮರಗಳ ಅಂದಾಜು ಅದು. ಹೊಸ ಸಿಲ್ವರ್ ಓಕ್ ಸಾಲು, ಮನೆ ಹಿತ್ತಲು ಎಲ್ಲ ಅದರಲ್ಲಿ ಸೇರುತ್ತದೆ. ಹಳೆ ಹುಣಸೆ ಒಂದು ಹೋಗಿ ಬದುವಿಗೆ ನೂರು ಸಿಲ್ವರ್ ಓಕ್ ಬಂದರೆ ಒಂದು ಅಂಕಿ ಇಳಿಯುತ್ತದೆ, ಇನ್ನೊಂದು ಏರುತ್ತದೆ. ಎರಡೂ ಸುಳ್ಳಲ್ಲ. ಹೊಲದ ಮಣ್ಣಿಗೆ, ಹಕ್ಕಿಗೆ ಅವೆರಡೂ ಒಂದೇ ಎಂದು ವಾದಿಸುವವರನ್ನು ಮಾತ್ರ ನಾನು ಒಪ್ಪುವುದಿಲ್ಲ.

ಬಯಲುಸೀಮೆ

‘ಕಾಣೆಯಾದ ಮರ’ ಎನ್ನುವ ಮೊದಲು ಸೊಪ್ಪು ಕಡಿಯುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಹೊಂಗೆಯನ್ನು ಗೊಬ್ಬರದ ಸೊಪ್ಪಿಗೆ, ಜಾಲಿಯನ್ನು ಕುರಿ ಮೇವಿಗೆ ಮೋಟಾಗಿ ಸವರುತ್ತಾರೆ. ಆ ವರ್ಷ ನೆತ್ತಿ 8 ಮೀಟರಿನಿಂದ 2 ಮೀಟರಿಗೆ ಇಳಿಯುತ್ತದೆ, ಎರಡು ಮಳೆಗಾಲದಲ್ಲಿ ಮತ್ತೆ ಹರಡಿಕೊಳ್ಳುತ್ತದೆ. ಹಾಗಾಗಿ ಒಂದು ವರ್ಷ ಕಾಣದ್ದನ್ನು ‘ಸಂದೇಹ’ ಎಂದಿಡಿ, ಸತತ ಮೂರು ಬೇಸಿಗೆ ಕಾಣದಿದ್ದರೆ ಮಾತ್ರ ‘ಹೋಯಿತು’ ಎನ್ನಿ. ಕೊನೆಯ ಎರಡು ವರ್ಷದ ನಷ್ಟದ ಅಂಕಿ ಯಾವಾಗಲೂ ಕಚ್ಚಾ.

ತೆಂಗಿನಗರಿ

ಇದೇ ಮಾತು ಉಲ್ಟಾ ದಿಕ್ಕಿಗೂ ಅನ್ವಯ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಮೊದಲ ಮೂರು ವರ್ಷ ಬದುಕುಳಿದ ಸಸಿಗೆ ಹಣ. ಆ ವಯಸ್ಸಿನ ಸಸಿಯ ನೆತ್ತಿ ಒಂದೆರಡು ಮೀಟರ್. ಅದನ್ನು ಉಪಗ್ರಹದಿಂದ ಪರಿಶೀಲಿಸಬಹುದು ಎಂದು ಯಾರಾದರೂ ಮಾರಲು ಬಂದರೆ ಪಿಕ್ಸೆಲ್ ಅಳತೆ ಕೇಳಿ. ಅರ್ಧ ಮೀಟರಿನಲ್ಲೂ ಒಂದು ಮೀಟರ್ ಸಸಿ ಮೂರು ಪಿಕ್ಸೆಲ್. ಮೊದಲ ಮೂರು ವರ್ಷ ಬದುವಿನ ಮೇಲೆ ನಡೆದೇ ಎಣಿಸಬೇಕು.

ಗರಿಗರಿ

ಎತ್ತರ ಬೇಕೆನ್ನುವವರಿಗೆ: ಮೆಟಾ ಮತ್ತು ಡಬ್ಲ್ಯುಆರ್‌ಐ (ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್) ಬಿಡುಗಡೆ ಮಾಡಿದ 1 ಮೀಟರ್ ಎತ್ತರದ ನಕ್ಷೆ ಮುಕ್ತವಾಗಿ ಸಿಗುತ್ತದೆ. ಒಂಟಿ ಮರ ಇದೆಯೋ ಇಲ್ಲವೋ ಎಂದು ಅಡ್ಡಪರೀಕ್ಷೆಗೆ ಬಳಸಿ, ಎತ್ತರದ ಅಂಕಿಯನ್ನು ಒಂದೊಂದು ಮರಕ್ಕೂ ನಂಬಬೇಡಿ. ಬಾಹ್ಯಾಕಾಶದಿಂದ ಮರದ ಎತ್ತರ ಅಳೆಯುವ ನಾಸಾದ ಗೆಡಿ ಲೇಸರಿನ ಒಂದೊಂದು ಹೆಜ್ಜೆಗುರುತು 25 ಮೀಟರ್ ಅಗಲ, ಹೊಲದ ಒಂಟಿ ಮರಕ್ಕೆ ಅದು ಹೇಳುವುದು ಕಡಿಮೆ.

ಹೊಂಗೆನೆರಳು

ಸರ್ವೆ ನಂಬರ್‌ವಾರು ಮರಗಳ ಪಟ್ಟಿ ಮಾಡಿ ಹಾಕಬಹುದೇ? ರಾಜ್ಯ ಸರ್ಕಾರದ ಸರ್ವೆ ನಂಬರ್ ಆ್ಯಪ್ ದಿಶಾಂಕ್‌ನಲ್ಲಿ ಗಡಿ ಕಾಣುತ್ತದೆ.

ತಕ್ಕಡಿ

ಎರಡು ಕಾರಣಕ್ಕೆ ಬೇಡ. ಒಂದು, ಹಳೆಯ ಗ್ರಾಮನಕ್ಷೆಗಳನ್ನು ಚಿತ್ರದ ಮೇಲೆ ಕೂರಿಸಿದಾಗ ಗಡಿ ಹಲವು ಮೀಟರ್ ಸರಿದಿರುವುದುಂಟು. ಹೊಲದ ಮರ ನಿಲ್ಲುವುದೇ ಬದುವಿನ ಮೇಲೆ, ಅಂದರೆ ಗಡಿಯ ಮೇಲೆ. ಗಡಿ 5 ಮೀಟರ್ ಸರಿದರೆ ಮರ ಪಕ್ಕದವರ ಪಾಲಾಗುತ್ತದೆ. ಬದುವಿನ ಮರಕ್ಕೆ ಊರಲ್ಲಿ ಮೊದಲೇ ಜಗಳ ಸಾಕಷ್ಟಿದೆ, ನಿಮ್ಮ ನಕ್ಷೆ ಇನ್ನೊಂದು ಸಾಕ್ಷಿಯಾಗುವುದು ಬೇಡ.

ಎರಡನೆಯದು ಶ್ರೀಗಂಧ. ಉಪಗ್ರಹಕ್ಕೆ ಜಾತಿ ಗೊತ್ತಾಗುವುದಿಲ್ಲ, ಆದರೆ ನಿಮ್ಮ ನೆಲಪರಿಶೀಲನೆಯ ಕಡತದಲ್ಲಿ ಜಾತಿಯ ಹೆಸರೂ ಜಿಪಿಎಸ್ ಅಂಕಿಯೂ ಒಟ್ಟಿಗೆ ಇರುತ್ತವೆ. ಅದನ್ನು ಹಂಚಿದರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ. ಪ್ರಕಟಿಸುವುದಾದರೆ ಹಳ್ಳಿ ಮಟ್ಟಕ್ಕೆ ಒಟ್ಟುಗೂಡಿಸಿ, ಶ್ರೀಗಂಧ, ರಕ್ತಚಂದನದ ಸಾಲುಗಳನ್ನು ಸಾರ್ವಜನಿಕ ಕಡತದಿಂದ ತೆಗೆದುಹಾಕಿ.

ಹೊಂಗೆನೆರಳು

ಒಪ್ಪಿದೆ, ಹಳ್ಳಿ ಮಟ್ಟಕ್ಕೇ ನಿಲ್ಲಿಸುತ್ತೇನೆ. 60 ಚೌಕ ಚೀಟಿ ಎತ್ತಿಯಾಯಿತು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಒಂದು ಸಣ್ಣ ತೊಂದರೆ: ‘ಮರದ ಜಾತಿ’ ಎಂದು ಕನ್ನಡದಲ್ಲಿ ಕಾಲಂ ಹೆಸರು ಕೊಟ್ಟು ಶೇಪ್‌ಫೈಲ್ (ನಕ್ಷೆ ಕಡತದ ಒಂದು ಬಗೆ) ಆಗಿ ಉಳಿಸಿದರೆ ತೆರೆದಾಗ ಹೆಸರು ಅರ್ಧಕ್ಕೆ ತುಂಡಾಗಿರುತ್ತದೆ, ಒಳಗಿನ ಹೆಸರುಗಳೂ ಪ್ರಶ್ನಾರ್ಥಕ ಚಿಹ್ನೆಗಳಾಗಿವೆ.

ಗರಿಗರಿ

ಶೇಪ್‌ಫೈಲಿನ ಕಾಲಂ ಹೆಸರಿಗೆ 10 ಬೈಟ್ ಮಿತಿ. ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತ ಚಿಹ್ನೆಗೂ 3 ಬೈಟ್ ಬೇಕು, ಹಾಗಾಗಿ ‘ಮರದ’ ಎನ್ನುವಷ್ಟರಲ್ಲಿ 9 ಮುಗಿಯಿತು. ಪ್ರಶ್ನಾರ್ಥಕ ಚಿಹ್ನೆ ಬರುವುದು ಉಳಿಸುವಾಗ ಯುಟಿಎಫ್-8 ಲಿಪಿ ಸಂಕೇತ ಆರಿಸದೆ ಇದ್ದುದಕ್ಕೆ. ಜಿಯೋಪ್ಯಾಕೇಜ್ ಎಂಬ ಇನ್ನೊಂದು ಬಗೆಯ ಕಡತದಲ್ಲಿ ಉಳಿಸಿ, ಎರಡೂ ತೊಂದರೆ ಇರುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯಾದ ಕಡತದಿಂದ ಹೆಸರು ವಾಪಸ್ ಬರುವುದಿಲ್ಲ, ಫೋನಿನಲ್ಲಿರುವ ಮೂಲ ಪ್ರತಿಯನ್ನು ಇನ್ನೂ ಅಳಿಸಿಲ್ಲ ತಾನೇ?

ಹೊಂಗೆನೆರಳು

ಇಲ್ಲ, ಇದೆ. ಅದನ್ನೇ ಜಿಯೋಪ್ಯಾಕೇಜ್‌ಗೆ ಹಾಕುತ್ತೇನೆ.